ಹಿಂದಿನ ಬಾಗಿಲ ಸಾಲು

ಕೆಲಸ ಸಿಕ್ಕಿದೆ ಎಂದು ಫೋನು ಬಂದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ದೊಡ್ಡ ಮೊಮ್ಮಗಳು ಎಂಜಲು ಕೈಯಲ್ಲೇ ಎದ್ದು ಕುಣಿದಳು. ಅವಳ ಅಮ್ಮ ಒಲೆ ಆರಿಸಿ ಬಂದು ಮಗಳ ಕೆನ್ನೆ ಹಿಂಡಿದಳು. ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವ ಅಂಗಡಿ ಇಟ್ಟಿದ್ದ ಅಪ್ಪ ಲೋಟ ಎತ್ತಿ ನೀರು ಕುಡಿದ. ಐದು ವರ್ಷದ ಗುಬ್ಬಿ, ಅಕ್ಕ ಕಾಲೇಜಿಗೆ ಹೋಗುವ ಹೊತ್ತಿಗೆ ಎಲ್ಲರನ್ನೂ ಬೆಚ್ಚಿಬೀಳಿಸಿ ಹುಟ್ಟಿದವಳು, ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದಳು.

"ದೊಡ್ಡಾಸ್ಪತ್ರೆ ಲ್ಯಾಬಲ್ಲಿ! ರಕ್ತ ತೆಗೆಯೋದು, ಪರೀಕ್ಷೆ ಮಾಡೋದು. ಸೋಮವಾರದಿಂದಲೇ ಬಾ ಅಂದ್ರು!"

ಅಜ್ಜಿ ಮಾತ್ರ ಕೇಳಿದಳು: "ಯಾವ ದೊಡ್ಡಾಸ್ಪತ್ರೆ?"

"ಊರಲ್ಲಿ ಎಷ್ಟು ದೊಡ್ಡಾಸ್ಪತ್ರೆ ಇದೆ ಅಜ್ಜಿ? ಮಾರ್ಕೆಟ್ ಹಿಂದಿರೋದೇ. ಇನ್ಮೇಲೆ ನಿಂಗೇನಾದ್ರೂ ಆದ್ರೆ ಸಾಲಲ್ಲಿ ನಿಲ್ಲೋ ಹಾಗೇ ಇಲ್ಲ. ನೇರ ಒಳಗೆ!"

"ನಂಗೇನಾಗತ್ತೆ, ಗುಂಡುಕಲ್ಲಿನ ಹಾಗಿದ್ದೀನಿ," ಎಂದು ಅಜ್ಜಿ ನಕ್ಕು ಗುಬ್ಬಿಯ ಬಾಯಿಗೆ ತುತ್ತಿಟ್ಟಳು. ಗುಬ್ಬಿ ಉಣ್ಣುತ್ತಿದ್ದದ್ದು ಅಜ್ಜಿಯ ತಟ್ಟೆಯಿಂದಲೇ. ಬೇರೆ ತಟ್ಟೆ ಹಾಕಿಕೊಟ್ಟರೆ ಅನ್ನವೆಲ್ಲ ನೆಲದ ಪಾಲು.

ಅಜ್ಜಿಯ ಕೆಲಸ ಕಾಜಾ ಹಾಕುವುದು. ಬೀದಿಯ ದರ್ಜಿಗಳು ಹೊಲಿದ ಅಂಗಿಗಳು ಗಂಟು ಗಂಟಾಗಿ ಅವಳ ಬಳಿ ಬರುತ್ತಿದ್ದವು. ಅವಳು ಗುಂಡಿತೂತುಗಳ ಅಂಚನ್ನು ದಾರದಿಂದ ಬಿಗಿದು, ಗುಂಡಿ ಹೊಲಿದು, ಮಡಿಸಿ ಕಳಿಸುತ್ತಿದ್ದಳು. ಕಾಜಾ ಹಾಕುವ ಮಷೀನು ಬಂದ ಮೇಲೂ 'ಅಜ್ಜಿ ಕಾಜಾನೇ ಬೇಕು' ಎನ್ನುವ ಗಿರಾಕಿಗಳಿದ್ದರು. ದಾರ, ಗುಂಡಿ ತರಲು ಅವಳು ತಿಂಗಳಿಗೊಮ್ಮೆ ಮಾರ್ಕೆಟ್ಟಿಗೆ ಹೋಗುವುದು ಮನೆಗೆಲ್ಲ ಗೊತ್ತಿದ್ದ ಸಂಗತಿ. ಮಾರ್ಕೆಟ್ಟಿನಿಂದ ಅವಳು ದೊಡ್ಡಾಸ್ಪತ್ರೆಯ ಹಿಂದಿನ ಬಾಗಿಲಿಗೆ ಹೋಗಿ ಬರುತ್ತಿದ್ದದ್ದು ಗೊತ್ತಿರಲಿಲ್ಲ. ಎಚ್.ಐ.ವಿ. ಇರುವವರಿಗೆ ಅಲ್ಲಿ ಮಾತ್ರೆ ಕೊಡುತ್ತಿದ್ದರು.

ಅವಳ ಗಂಡ ರಸ್ತೆ ಹಾಕುವ ಕಂಪನಿಯಲ್ಲಿ ರೋಲರ್ ಓಡಿಸುತ್ತಿದ್ದವನು. ವರ್ಷದ ಬಹುಪಾಲು ಡೇರೆಗಳಲ್ಲೇ ಕಳೆಯುತ್ತಿದ್ದ. ಸತ್ತಾಗ ಅವಳಿಗೆ ಬಿಟ್ಟುಹೋದದ್ದು ಎರಡು ಕೋಣೆಯ ಈ ಮನೆ ಮತ್ತು ಆ ಕಾಯಿಲೆ. 'ಶ್ವಾಸಕೋಶ ಕೆಟ್ಟಿತ್ತು' ಎಂದು ಬಂಧುಬಳಗಕ್ಕೆ ಹೇಳಿದ್ದಾಯಿತು. ಅಂದಿನಿಂದ ಅಜ್ಜಿ ಒಂದು ದಿನವೂ ತಪ್ಪಿಸದೆ ಊಟದ ಮೇಲೆ ಒಂದು ಮಾತ್ರೆ ನುಂಗುತ್ತ ಬಂದಿದ್ದಳು. ಮನೆಯವರ ಲೆಕ್ಕದಲ್ಲಿ ಅದು ಬಿ.ಪಿ. ಮಾತ್ರೆ. 'ಅತ್ತೆ, ಬಿ.ಪಿ. ಮಾತ್ರೆ ತಗೊಂಡ್ರಾ?' ಎಂದು ಸೊಸೆಯೇ ನೆನಪಿಸುವುದಿತ್ತು.

ಮೊಮ್ಮಗಳು ಕೆಲಸಕ್ಕೆ ಸೇರಿದ ಮೇಲೂ ಅಜ್ಜಿ ಹೇಗೋ ಸಂಭಾಳಿಸಿದಳು. ಲ್ಯಾಬಿನಲ್ಲಿ ಜನ ಮುತ್ತುವ ಬೆಳಗಿನ ಹೊತ್ತು ನೋಡಿಕೊಂಡು, ಶಾಲು ಮುಖಕ್ಕೆ ಎಳೆದುಕೊಂಡು, ಗೋಡೆಯ ಪಕ್ಕ ನಿಂತು ಮಾತ್ರೆ ತಂದಳು. ಬೀದಿಯ ಮೂಲೆಯಲ್ಲಿ ಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವಾಕೆಯ ಸುದ್ದಿ ಮನೆಗೆ ಬಂದದ್ದು ಆಮೇಲೆ.

ಒಂದು ಭಾನುವಾರದ ಮಧ್ಯಾಹ್ನ. ಸೊಸೆ ಮೊಟ್ಟೆ ಬೇಯಿಸಿದ್ದಳು. ಮೊಮ್ಮಗಳು ಸಿಪ್ಪೆ ಸುಲಿಯುತ್ತ, "ಅಮ್ಮ, ಯಾರನ್ನ ನೋಡ್ದೆ ಹೇಳು ನಮ್ಮ ಆಸ್ಪತ್ರೇಲಿ? ಯಾರಿಗೂ ಹೇಳಬಾರದು ಮತ್ತೆ," ಎಂದಳು.

"ನಾನ್ಯಾರಿಗೆ ಹೇಳ್ಲಿ?"

"ಹಿಂದಿನ ಬಾಗಿಲಲ್ಲಿ ಎಚ್.ಐ.ವಿ. ಸಾಲಿದೆಯಲ್ಲ, ಅಲ್ಲಿ ನಮ್ಮ ಮೂಲೆಯ ಇಸ್ತ್ರಿ ಗಾಡಿಯಾಕೆ! ನನ್ನ ನೋಡಿ ಹೆಂಗೆ ತಿರುಗಿ ನಿಂತ್ಲು ಗೊತ್ತಾ? ಗೋಡೆ ಮೇಲೆ ಅದೇನೋ ಬರೆದಿರೋ ಹಾಗೆ ಓದ್ತಾ ನಿಂತ್ಲು," ಎಂದು ಮೊಮ್ಮಗಳು ಅದನ್ನು ನಟಿಸಿ ತೋರಿಸಿದಳು. ಗುಬ್ಬಿ ಕಿಲಕಿಲ ನಕ್ಕಳು.

ಸೊಸೆ ನಗಲಿಲ್ಲ. ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಅಯ್ಯೋ! ನಮ್ಮ ಬಟ್ಟೆಯೆಲ್ಲ ಅವಳ ಕೈಯಲ್ಲೇ ಇರತ್ತಲ್ಲೇ! ಗುಬ್ಬಿ ಯೂನಿಫಾರಂ ನಿನ್ನೆ ತಾನೆ ತಂದದ್ದು. ಎಲ್ಲಾ ಕುದಿಯೋ ನೀರಿಗೆ ಹಾಕ್ಬೇಕು."

"ಬಟ್ಟೆಯಿಂದ ಏನೂ ಬರಲ್ಲಮ್ಮ. ಅದು ಹಾಗೆಲ್ಲ ಅಂಟೋದಲ್ಲ."

"ನಿನ್ನ ಪುಸ್ತಕದಲ್ಲಿ ಬರಲ್ಲ. ಮಗು ಹಾಕ್ಕೊಳೋ ಬಟ್ಟೆ ಕಣೇ ಅದು. ನಾಳೆಯಿಂದ ಅವಳಿಗೆ ಒಂದು ಕರ್ಚೀಫೂ ಕೊಡಲ್ಲ. ಗುಬ್ಬಿ, ಅವಳ ಮಗಳ ಜೊತೆ ಆಡಕ್ಕೆ ಹೋದ್ರೆ ಕಾಲು ಮುರೀತೀನಿ."

ಅಜ್ಜಿ ತಗ್ಗಿದ ದನಿಯಲ್ಲಿ ಹೇಳಿದಳು: "ಇಷ್ಟು ವರ್ಷ ಇಸ್ತ್ರಿ ಮಾಡ್ಕೊಟ್ಟಿದ್ದಾಳೆ. ನಮಗೇನಾಯ್ತೇ?"

"ನಿಮಗೆ ಗೊತ್ತಾಗಲ್ಲ ಅತ್ತೆ. ಇಂಥವರು ಹೇಳದೇ ಇರೋದೇ ದೊಡ್ಡ ಮೋಸ. ಗೊತ್ತಿದ್ದೂ ಮುಚ್ಚಿಟ್ಟು ಮಕ್ಕಳುಮರಿ ಇರೋ ಮನೆ ಬಟ್ಟೆ ಮುಟ್ಟೋದಂದ್ರೆ!"

ಮಗ ಅರ್ಧ ಊಟಕ್ಕೇ ಎದ್ದ. "ಊಟದ ಹೊತ್ತಲ್ಲಿ ಅದೆಂಥ ಮಾತು ನಿಮ್ದೆಲ್ಲ?" ಎಂದು ಗದರಿ, ಕೈ ತೊಳೆದು ಅಂಗಡಿಗೆ ಹೊರಟುಹೋದ. ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು.

ಸೊಸೆ ಆಡಿದ್ದನ್ನು ಮಾಡಿಯೂ ತೋರಿಸಿದಳು. ಹಂಡೆಯಲ್ಲಿ ಬಟ್ಟೆ ಕುದಿಯಿತು. ಗುಬ್ಬಿಯ ಯೂನಿಫಾರಂ ಬಣ್ಣ ಬಿಟ್ಟು ಅಪ್ಪನ ಬಿಳಿ ಅಂಗಿಗೆ ಹತ್ತಿಕೊಂಡಿತು. ಯಾರಿಗೂ ಹೇಳುವುದಿಲ್ಲ ಎಂದವಳು ಪಕ್ಕದ ಮನೆಯಾಕೆಗೆ ಮಾತ್ರ ಹೇಳಿದಳು. ಪಕ್ಕದ ಮನೆಯಾಕೆಯೂ ಒಬ್ಬರಿಗೆ ಮಾತ್ರ ಹೇಳಿದಳು. ತಿಂಗಳೊಳಗೆ ಇಸ್ತ್ರಿ ಗಾಡಿಯ ಮೇಲೆ ಬಟ್ಟೆಯ ರಾಶಿ ಕರಗಿತು. ಆಕೆ ಕೆಂಡ ತುಂಬಿದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಕೊಂಡು ಬೀದಿ ನೋಡುತ್ತ ಕೂರುವುದನ್ನು ಅಜ್ಜಿ ಬಾಗಿಲಿಂದಲೇ ಕಾಣುತ್ತಿದ್ದಳು. ಕಣ್ಣಿಗೆ ಕಣ್ಣು ಸಿಕ್ಕಾಗ ಆಕೆ, "ಅಜ್ಜಿ, ನಿಮ್ಮನೆ ಬಟ್ಟೆ ಬರ್ಲೇ ಇಲ್ಲ?" ಎಂದು ಕೇಳಿದಳು. "ಮನೇಲೇ ಇಸ್ತ್ರಿಪೆಟ್ಟಿಗೆ ತಂದ್ಬಿಟ್ರು ತಾಯಿ," ಎಂದು ಸುಳ್ಳು ಹೇಳಿ ಅಜ್ಜಿ ಒಳಗೆ ಬಂದಳು.

ಮುಂದಿನ ಸಲ ಮಾತ್ರೆಗೆ ಹೋದಾಗ ಅಲ್ಲಿ ಕೂತು ಸಲಹೆ ಕೊಡುವ ಮೇಡಂ ಬಳಿ ಅಜ್ಜಿ ಕೇಳಿದಳು: "ನನ್ನ ಬೇರೆ ಕಡೆಗೆ ಹಾಕ್ಕೊಡಿ. ಇಲ್ಲಿಗೆ ಬರೋಕಾಗಲ್ಲ."

"ಯಾಕಜ್ಜಿ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಇಲ್ಲ. ಸುಮ್ನೆ."

ಪಕ್ಕದ ಪಟ್ಟಣದ ಆಸ್ಪತ್ರೆಗೆ ಬರೆದುಕೊಟ್ಟರು. ಎರಡು ಬಸ್ಸು ಬದಲಿಸಬೇಕು. ಅಜ್ಜಿ ಒಂದೇ ಸಲ ಹೋಗಿಬಂದಳು. ವಾಪಸು ಬರುವಾಗ ಬಸ್ಸಿನಲ್ಲಿ ತಲೆಸುತ್ತಿ ವಾಂತಿಯಾಗಿ, ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಮಗ ಬಾಗಿಲಲ್ಲೇ ನಿಂತಿದ್ದ.

"ಬೆಳಿಗ್ಗೆ ಹೋದವಳು ಈಗ ಬರ್ತಿದ್ದೀಯಲ್ಲಮ್ಮ! ದಾರ ತರೋಕೆ ಇಷ್ಟು ಹೊತ್ತಾ?"

"ಒಳ್ಳೆ ಬಣ್ಣ ಸಿಗ್ಲಿಲ್ಲ. ಹುಡುಕ್ತಿದ್ದೆ."

"ಇನ್ಮೇಲೆ ನೀನು ಹೋಗೋದು ಬೇಡ. ಯಾವ ದಾರ ಬೇಕೋ ಹೇಳು, ನಾನೇ ತಂದ್ಕೊಡ್ತೀನಿ. ಈ ವಯಸ್ಸಲ್ಲಿ ಎಲ್ಲಾದ್ರೂ ಬಿದ್ದುಗಿದ್ದು ಹೋದ್ರೆ?"

ಅಜ್ಜಿ ಬೇಕಾದ ದಾರದ ಬಣ್ಣ ಹೇಳಿ ಒಳಗೆ ಹೋದಳು. ಮಾತ್ರೆ ಮುಗಿದ ಮೇಲೆ ಮತ್ತೆ ತರಲಿಲ್ಲ. ಆಸ್ಪತ್ರೆಯಿಂದ ಫೋನು ಬಂತು. ಪುಣ್ಯಕ್ಕೆ ಅವಳೇ ಎತ್ತಿದಳು.

"ಅಜ್ಜಿ, ಮಾತ್ರೆಗೆ ಬರ್ಲಿಲ್ವಲ್ಲ? ನಾವೇ ಮನೆಗೆ ಬಂದು ನೋಡ್ಕೊಂಡು ಹೋಗ್ಲಾ?"

"ಅಯ್ಯೋ, ದಮ್ಮಯ್ಯ, ಮನೆಗೆ ಬರಬೇಡಿ. ನಾನು ಮಗಳ ಊರಿಗೆ ಬಂದಿದ್ದೀನಿ. ಇಲ್ಲೇ ತಗೋತೀನಿ," ಎಂದಳು ಅಜ್ಜಿ. ಅವಳಿಗೆ ಹೆಣ್ಣುಮಕ್ಕಳೇ ಇರಲಿಲ್ಲ.

ಊಟದ ಮೇಲೆ ಸೊಸೆ ಕೇಳಿದರೆ, "ತಗೊಂಡೆ ಕಣೇ," ಎಂದು ನೀರು ಕುಡಿದು ತೋರಿಸುತ್ತಿದ್ದಳು.

ವಿಚಿತ್ರವೆಂದರೆ, ಮೊದಮೊದಲು ಏನೂ ಆಗಲಿಲ್ಲ. ಹಸಿವು ಚೆನ್ನಾಗಿತ್ತು, ಸೂಜಿಗೆ ದಾರ ಪೋಣಿಸುವಾಗ ಕೈ ನಡುಗುತ್ತಿರಲಿಲ್ಲ. ಮಾತ್ರೆಯಿಂದ ಬೆಳಗಿನ ಹೊತ್ತು ಬರುತ್ತಿದ್ದ ಜೋಂಪೂ ಇಲ್ಲ. ಇಷ್ಟು ವರ್ಷ ಸುಮ್ಮನೆ ಹೆದರಿದೆನೇನೋ, ರೋಗ ತಾನಾಗಿ ಸತ್ತುಹೋಗಿದ್ದೀತು ಎಂದುಕೊಂಡಳು. ಗುಬ್ಬಿ ತೊಡೆಯ ಮೇಲಿದ್ದಳು, ತುತ್ತು ತುತ್ತಿಗೂ ಬಾಯಿ ತೆರೆಯುತ್ತಿದ್ದಳು. ಅಜ್ಜಿಗೆ ಬೇಕಾಗಿದ್ದದ್ದು ಅಷ್ಟೇ.

ಚಳಿ ಶುರುವಾದಾಗ ಕೆಮ್ಮು ಹಿಡಿಯಿತು. ಬಾಯಲ್ಲಿ ಬಿಳಿ ಹುಣ್ಣು ಎದ್ದಿತು. ರವಿಕೆಗಳೆಲ್ಲ ಸಡಿಲವಾದವು. ಒಂದು ದಿನ ಗುಬ್ಬಿ ಎಂದಿನಂತೆ ಬಂದು ಪಕ್ಕದಲ್ಲಿ ಕೂತಾಗ ಅಜ್ಜಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. "ದೊಡ್ಡೋಳಾದೆ. ನಿನ್ನ ತಟ್ಟೇಲಿ ನೀನೇ ಉಣ್ಣು."

ಗುಬ್ಬಿ ಮನೆ ಕಿತ್ತುಹೋಗುವ ಹಾಗೆ ಅತ್ತಳು. ಅಜ್ಜಿ ಕರಗಲಿಲ್ಲ. ಉಂಡು ಎದ್ದು, ತನ್ನ ತಟ್ಟೆ ಲೋಟ ತಾನೇ ತೊಳೆದು, ಕಿಟಕಿಯ ಕೆಳಗೆ ಬೇರೆಯಾಗಿ ಕವುಚಿಟ್ಟಳು. ಎರಡನೇ ದಿನವೂ ಹಾಗೇ ಮಾಡಿದಳು. ಮೂರನೆಯ ದಿನ ಸೊಸೆಯ ಸಹನೆ ಮುಗಿಯಿತು.

"ಏನತ್ತೆ ಇದು? ನಾನು ತೊಳೆದ ಪಾತ್ರೆ ನಿಮಗೆ ಆಗಲ್ವಾ? ಬಂದ ಇಷ್ಟು ವರ್ಷಕ್ಕೆ ಇವತ್ತು ನನ್ನ ಕೈ ಗಲೀಜು ಅನಿಸ್ತಾ?"

"ನಾನೇನಂದೆ? ನನ್ನ ತಟ್ಟೆ ನಾನು ತೊಳ್ಕೊಂಡೆ."

"ಮಗು ಅತ್ತು ಅತ್ತು ಜ್ವರ ಬರಿಸ್ಕೊಂಡಿದ್ದಾಳೆ. ನನ್ನ ಮೇಲಿನ ಸಿಟ್ಟು ಅವಳ ಮೇಲೆ ಯಾಕೆ ತೀರಿಸ್ಕೋತೀರಿ?"

"ಸಿಟ್ಟಿಲ್ಲ ಕಣೇ ಮಾರಾಯ್ತಿ. ಕೆಮ್ಮು ಇದೆ, ಮಗೂಗೆ ಅಂಟೀತು ಅಂತ."

"ಕೆಮ್ಮಿದ್ರೆ ಡಾಕ್ಟರ ಹತ್ರ ಬನ್ನಿ ಅಂದ್ರೆ ಬರಲ್ಲ. ಮೊಮ್ಮಗಳು ಅಷ್ಟು ದೊಡ್ಡ ಆಸ್ಪತ್ರೇಲಿದ್ದಾಳೆ, ಅಲ್ಲಿಗೂ ಬೇಡ. ಊರಿಗೆ ನಾವು ನಿಮ್ಮನ್ನ ಉಪವಾಸ ಕೆಡವಿದೀವಿ ಅಂತ ತೋರಿಸ್ಬೇಕು, ಅಷ್ಟೇ ತಾನೆ?"

ಅತ್ತೆ-ಸೊಸೆ ವಾರಗಟ್ಟಲೆ ಗೋಡೆಗೆ ಹೇಳಿದಂತೆ ಮಾತಾಡಿಕೊಂಡರು. "ಯಾರಿಗೋ ಗಂಜಿ ಆಗಿದೆ." "ಯಾರೋ ಆಮೇಲೆ ಕುಡೀತಾರಂತೆ." ಮಗ ಇಬ್ಬರ ನಡುವೆ ಸಿಕ್ಕಿಕೊಂಡ. ಬೀದಿಯ ಡಾಕ್ಟರ ಹತ್ತಿರ ಕೆಮ್ಮಿನ ಔಷಧಿ ತಂದುಕೊಟ್ಟ, ಟಾನಿಕ್ ತಂದ. ಅಮ್ಮನ ಮುಖ ನೋಡಿ ಏನೋ ಕೇಳಲು ಬಾಯಿ ತೆರೆದು, "ಬಿ.ಪಿ. ಮಾತ್ರೆ... ಸರಿಯಾಗಿ ತಗೋತಿದ್ದೀಯಲ್ಲಮ್ಮ?" ಎಂದಷ್ಟೇ ಕೇಳಿದ.

"ತಪ್ಪಿಸ್ತೀನೇನೋ?" ಎಂದಳು ಅಜ್ಜಿ. ಮಗ ತಲೆಯಾಡಿಸಿ ಹೋದ.

ಅಷ್ಟರಲ್ಲಿ ದರ್ಜಿ ಅಂಗಿಗಳನ್ನು ವಾಪಸು ತಂದ. ಕಾಜಾ ಸೊಟ್ಟಗಿದ್ದವು. ಒಂದರಲ್ಲಿ ದಾರ ತೂತು ಬಿಟ್ಟು ಬಟ್ಟೆಯನ್ನೇ ಹೊಲಿದಿತ್ತು. "ಅಜ್ಜಿ, ನಿಮ್ಮ ಕೈಗೇನಾಯ್ತು?" ಎಂದು ಅವನು ಬೇಸರದಲ್ಲೇ ಕೇಳಿದ. ಕೈಗೇನೂ ಆಗಿರಲಿಲ್ಲ. ಎಡಗಣ್ಣಿನ ಮುಂದೆ ಕರಿ ನೊಣಗಳು ಹಾರಾಡುತ್ತಿದ್ದವು. ಒಗೆದರೂ ಹೋಗದ ಕಲೆಯ ಹಾಗೆ ಒಂದು ಮಬ್ಬು ನಡುವೆ ಕೂತಿತ್ತು. ಮಗ ಕನ್ನಡಕ ಮಾಡಿಸಿಕೊಟ್ಟ. ಕನ್ನಡಕ ಹಾಕಿಕೊಂಡರೂ ಮಬ್ಬು ಮಬ್ಬಾಗಿಯೇ ಇತ್ತು. ಬಲಗಣ್ಣಿಗೂ ಅದು ಹಬ್ಬುವವರೆಗೆ ಅಜ್ಜಿ ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲ ಹೊಸ್ತಿಲು ಕಾಣದೆ ಎಡವಿ ಬಿದ್ದಳು. ಸೊಸೆ ಓಡಿಬಂದು ತಬ್ಬಿ ಎತ್ತಿದಾಗ ಸಿಕ್ಕಿದ್ದು ಹಿಡಿಯಷ್ಟು ಮೂಳೆ. ಮೈ ಕಾದ ಹೆಂಚಾಗಿತ್ತು. ಅಲ್ಲಿಗೆ ಅವಳ ಸಿಟ್ಟೆಲ್ಲ ಇಳಿದುಹೋಯಿತು. "ರೀ, ಆಟೋ ತನ್ನಿ!" ಎಂದು ಕೂಗಿದಳು.

"ಆ ಆಸ್ಪತ್ರೆ ಬೇಡ," ಎಂದು ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಎಲ್ಲಿಗಾದ್ರೂ ಕರ್ಕೊಂಡು ಹೋಗಿ, ಅಲ್ಲಿಗೆ ಬೇಡ." ಬೆರಳು ಒಂದೊಂದಾಗಿ ಬಿಡಿಸಿ ಕರೆದೊಯ್ಯಬೇಕಾಯಿತು.

ವಾರ್ಡಿಗೆ ಸೇರಿಸಿದ ಮೇಲೆ ಮೊಮ್ಮಗಳು ಲ್ಯಾಬಿನಿಂದ ತಾನೇ ರಕ್ತ ತೆಗೆಯಲು ಬಂದಳು. ತೋಳಿಗೆ ಪಟ್ಟಿ ಕಟ್ಟಲು ಹೋದರೆ ಅಜ್ಜಿ ತೋಳನ್ನು ಎದೆಗವುಚಿಕೊಂಡಳು.

"ನೀನು ಬೇಡ. ಬೇರೆ ಯಾರನ್ನಾದ್ರೂ ಕಳ್ಸು."

"ಯಾಕಜ್ಜಿ? ನೋವಾಗದ ಹಾಗೆ ತೆಗೀತೀನಿ. ಎಲ್ಲರೂ ನನ್ನನ್ನೇ ಕೇಳ್ತಾರೆ."

"ನನ್ನ ರಕ್ತ ನೀನು ಮುಟ್ಟಬೇಡ ಮಗಾ. ಇಸ್ತ್ರಿಯವಳಿಗಿರೋದೇ ನಂಗೂ ಇದೆ. ನಿಮ್ಮ ತಾತನ ಕಾಲದಿಂದ."

ಮೊಮ್ಮಗಳು ಸಿರಿಂಜು ಹಿಡಿದೇ ನಿಂತಳು. ಅವಳಿಗೆ ಮೊದಲು ನೆನಪಾದದ್ದು, ಮೊಟ್ಟೆಯ ಸಿಪ್ಪೆ ಸುಲಿಯುತ್ತ ತಾನು ಗೋಡೆ ಓದುವಂತೆ ನಟಿಸಿದ್ದು. ಎದುರಿಗೇ ಕೂತಿದ್ದಳಲ್ಲ ಅಜ್ಜಿ. ಆಮೇಲೆ ಕೈಗವಸು ಹಾಕಿಕೊಂಡು, ತುಟಿ ಕಚ್ಚಿಕೊಂಡು, ತಾನೇ ರಕ್ತ ತೆಗೆದಳು. ನರ ಸಿಗದೆ ಎರಡು ಸಲ ಚುಚ್ಚಬೇಕಾಯಿತು. ಅಜ್ಜಿಗೆ ನೋವೂ ಆಯಿತು.

ವರಾಂಡದಲ್ಲಿ ಅಪ್ಪ ಅಮ್ಮ ಬೆಂಚಿನ ಮೇಲಿದ್ದರು. ಅಜ್ಜಿಯ ಒಪ್ಪಿಗೆ ಕೇಳಿ ಬಂದು ಮೊಮ್ಮಗಳು ವಿಷಯ ಹೇಳಿದಳು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ನೆಲ ನೋಡಿದ.

"ನಂಗೆ ಗೊತ್ತಿತ್ತು," ಎಂದ.

"ಏನಂದ್ರಿ?"

"ಅಪ್ಪ ಸತ್ತಾಗ ಡಾಕ್ಟರು ನಂಗೂ ಹೇಳಿದ್ರು. ನನ್ನ ರಕ್ತ ನೋಡಿದ್ರು, ನಂಗೇನೂ ಇರ್ಲಿಲ್ಲ. ಅಮ್ಮನಿಗೆ ಇತ್ತು. ಅಮ್ಮ ಮುಚ್ಚಿಟ್ಕೊಂಡಿದ್ಲು. ನಾನು ಗೊತ್ತಿದೆ ಅಂದ್ರೆ ತಲೆ ಎತ್ಕೊಂಡು ನನ್ನ ನೋಡೋಕಾಗಲ್ಲ ಅವಳಿಗೆ ಅಂತ, ನಾನೂ ಸುಮ್ನಿದ್ದೆ. ದಾರಕ್ಕೆ ಅಂತ ಹೋಗಿ ಮಾತ್ರೆ ತರ್ತಿದ್ಲು ಅಂತ ಮಾತ್ರ ಹೊಳೀಲಿಲ್ಲ."

"ಅವತ್ತು ಊಟಕ್ಕೆ ಕೂತಾಗ್ಲೂ ಸುಮ್ನಿದ್ರಲ್ಲಪ್ಪ!" ಮೊಮ್ಮಗಳ ದನಿ ಒಡೆಯಿತು. "ನಂಗೆ ಒಂದೇ ಒಂದು ಮಾತು, ಬಾಯಿ ಮುಚ್ಚೇ ಅಂತ ಒಂದೇ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಎದ್ದು ಹೋದೆನಲ್ಲ."

"ಎದ್ದು ಹೋದ್ರೆ ಯಾರಿಗೆ ಏನು ಗೊತ್ತಾಗತ್ತೆ?"

ಸೊಸೆ ಗಂಡನ ಕಡೆಗೆ ತಿರುಗಿದಳು. "ಮಗು ದಿನಾ ಅವರ ತಟ್ಟೇಲಿ ಉಣ್ತಿತ್ತು. ನನಗೂ ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಹೇಳಿದ್ರೆ ಏನು ಮಾಡ್ತಿದ್ದೆ? ತಟ್ಟೇನೂ ಕುದಿಯೋ ನೀರಿಗೆ ಹಾಕ್ತಿದ್ದೆ."

ಸೊಸೆ ಮಗಳನ್ನು ಪಕ್ಕಕ್ಕೆ ಕರೆದು, "ನಿಜವಾಗ್ಲೂ ತಟ್ಟೆಯಿಂದ ಬರಲ್ವೇನೇ? ಆಣೆ ಮಾಡಿ ಹೇಳು," ಎಂದು ಕೇಳಿದಳು.

"ಬರಲ್ಲಮ್ಮ. ನಾನು ಅವತ್ತೇ ಹೇಳಿದ್ನಲ್ಲ."

"ಹೇಳ್ದೆ. ನಗ್ತಾ ಹೇಳ್ದೆ."

ಮೊದಲ ದಿನ ಸೊಸೆ ಗಂಜಿಯ ಪಾತ್ರೆಯನ್ನು ಮಂಚದ ಪಕ್ಕ ಇಟ್ಟು ದೂರದಲ್ಲಿ ನಿಂತಳು. ಎರಡನೆಯ ದಿನ ಚಮಚದಿಂದ ಕುಡಿಸಿದಳು. ಮುಂದೊಂದು ದಿನ, ಅತ್ತೆಯ ಬಾಯಿಯ ಹುಣ್ಣಿಗೆ ಚಮಚ ತಾಗಿ ಆಕೆ ಮುಖ ಕಿವುಚಿದಾಗ, ಚಮಚ ಬಿಸಾಡಿ ಅನ್ನವನ್ನು ಬೆರಳಿನಿಂದ ಮೆತ್ತಗೆ ಹಿಸುಕಿ ತಿನ್ನಿಸಿದಳು. ಊಟ ಮುಗಿದ ಮೇಲೆ ಅಜ್ಜಿ, "ಉಪ್ಪು ಕಮ್ಮಿ ಕಣೇ," ಎಂದಳು.

"ಡಾಕ್ಟರು ಕಮ್ಮಿ ಹಾಕು ಅಂದಿದ್ದಾರೆ. ನಿಮಗೆ ಬಿ.ಪಿ.ನೂ ಇದೆಯಂತೆ, ನಿಜವಾದದ್ದು," ಎಂದ ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಅವತ್ತೇ ಸಂಜೆ ಸೊಸೆ ಒಂದು ಗಂಟು ಬಟ್ಟೆ ಕಟ್ಟಿಕೊಂಡು ಬೀದಿಯ ಮೂಲೆಗೆ ಹೋದಳು. ಇಸ್ತ್ರಿ ಗಾಡಿ ಇರಲಿಲ್ಲ. ಅಲ್ಲಿ ಯಾರೋ ಪ್ಲಾಸ್ಟಿಕ್ ಬಕೆಟ್ಟು ಮಾರುತ್ತಿದ್ದರು. ಆಕೆ ಮನೆ ಖಾಲಿ ಮಾಡಿ ಎಷ್ಟೋ ದಿನವಾಯಿತೆಂದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಮೊಮ್ಮಗಳು ಹಿಂದಿನ ಬಾಗಿಲಲ್ಲಿ ವಿಚಾರಿಸಿದಳು. ಮಳೆಗಾಲದಿಂದ ಅಲ್ಲಿಗೂ ಬಂದಿರಲಿಲ್ಲ. ಸೊಸೆ ಆ ಬಟ್ಟೆಗಂಟನ್ನು ವಾಪಸು ತಂದು, ಬಿಚ್ಚದೆ, ಕಪಾಟಿನ ಮೇಲೆ ಹಾಕಿದಳು.

ಮಾತ್ರೆ ಮತ್ತೆ ಶುರುವಾಯಿತು. ಕೆಮ್ಮಿಗೆ ಬೇರೆ ಮಾತ್ರೆ, ಕಣ್ಣಿಗೆ ಇಂಜೆಕ್ಷನ್. ಜ್ವರ ಬಿಟ್ಟಿತು, ಬಾಯಿ ವಾಸಿಯಾಯಿತು, ಕೆನ್ನೆಯ ಮೇಲೆ ಸ್ವಲ್ಪ ಮಾಂಸವೂ ಹತ್ತಿತು. ಕಣ್ಣಿನ ಡಾಕ್ಟರು ಮಾತ್ರ ಮಗನನ್ನು ಒಳಗೆ ಕರೆದು, ಹೋದದ್ದು ಹೋಯಿತು, ಇನ್ನೊಂದೆರಡು ತಿಂಗಳು ಮೊದಲು ಬಂದಿದ್ದರೆ ಉಳಿಸಬಹುದಿತ್ತು ಎಂದರು. ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೇ.

ಮನೆಗೆ ಬಂದ ದಿನ ಗುಬ್ಬಿ ತನ್ನ ತಟ್ಟೆ ಹಿಡಿದು ಅಜ್ಜಿಯ ಪಕ್ಕ ಕೂತಳು. ಈಗ ತುತ್ತು ಅವಳೇ ಕಲಸಿ ಅಜ್ಜಿಯ ಬಾಯಿಗಿಡುತ್ತಿದ್ದಳು. ಅರ್ಧ ಗಲ್ಲಕ್ಕೆ, ಅರ್ಧ ಸೀರೆಗೆ. ಇನ್ನು ಅಂಗಿ ಕಳಿಸಬೇಡಿ ಎಂದು ಮಗ ದರ್ಜಿಗಳಿಗೆ ಹೇಳಿಬಂದ. ಅಜ್ಜಿಯ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಪಕ್ಕದಲ್ಲಿ ಕೂತವರ ಅಂಗಿಯ ಕಾಜಾ ಮುಟ್ಟಿ ನೋಡಿ, "ಮಷೀನಿಂದು," ಎನ್ನುತ್ತಿದ್ದಳು.

ಮುಂದಿನ ತಿಂಗಳ ಮಾತ್ರೆಗೆ ಮೊಮ್ಮಗಳೇ ಕರೆದುಕೊಂಡು ಹೋದಳು. ಲ್ಯಾಬಿನ ಬಿಳಿ ಕೋಟು ಬಿಚ್ಚಲಿಲ್ಲ. ನೇರ ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಹಿಂದಿನ ಬಾಗಿಲ ಸಾಲಿನಲ್ಲಿ ಅಜ್ಜಿಯ ಕೈ ಹಿಡಿದು ಎಲ್ಲರಂತೆ ನಿಂತಳು. ಅವಳ ಕೋಟು ಕಂಡು ಮುಂದೆ ನಿಂತಿದ್ದ ಒಬ್ಬ ಹೆಂಗಸು ಮುಖ ಗೋಡೆಗೆ ತಿರುಗಿಸಿದಳು. ಮೊಮ್ಮಗಳು ಕೋಟು ಬಿಚ್ಚಿ ತೋಳಿನ ಮೇಲೆ ಮಡಿಸಿಕೊಂಡಳು.

ಸಲಹೆ ಕೊಡುವ ಮೇಡಂ ಇಬ್ಬರನ್ನೂ ಕೂರಿಸಿದರು. "ಅಜ್ಜಿ, ಇಷ್ಟು ವರ್ಷ ಒಂದು ದಿನ ತಪ್ಪಿಸದವರು ನೀವು. ಯಾಕೆ ಬಿಟ್ಟುಬಿಟ್ರಿ?"

"ಮಂಡಿ ನೋವು ತಾಯಿ. ಎರಡು ಬಸ್ಸು ಹತ್ತಿ ಇಳಿಯೋಕೆ ಆಗ್ಲಿಲ್ಲ."

"ಅಷ್ಟೇನಾ? ಮನೇಲಿ ಯಾರಾದ್ರೂ ನೋಯಿಸಿದ್ರಾ?"

"ಮನೇಲಿ ನನ್ನ ಚಿನ್ನದ ಹಾಗೆ ನೋಡ್ಕೋತಾರೆ."

ಮೊಮ್ಮಗಳು ಬಾಯಿ ತೆರೆದಳು. ಮೇಜಿನ ಕೆಳಗೆ ಅಜ್ಜಿ ಅವಳ ಕೈಯನ್ನು ಗಟ್ಟಿಯಾಗಿ ಅದುಮಿದಳು.

ಮೇಡಂ ನಿಟ್ಟುಸಿರುಬಿಟ್ಟರು. "ಬಿಟ್ಟವರೆಲ್ಲ ಇದನ್ನೇ ಹೇಳ್ತಾರೆ. ಮಂಡಿ ನೋವು, ಬಸ್ಸು ದೂರ. ಬಸ್ಸೆಲ್ಲ ಸರಿಮಾಡಿಸಿಬಿಟ್ರೆ ಒಬ್ಬರೂ ಬಿಡಲ್ವೇನೋ."

ಹೊರಗೆ ಬಂದ ಮೇಲೆ ಮೊಮ್ಮಗಳು ಕೇಳಿದಳು: "ಯಾಕಜ್ಜಿ ಹಾಗಂದೆ?"

"ನೋಯ್ತಿತ್ತಲ್ವೇನೇ ಮಂಡಿ? ಸುಳ್ಳೇನು ಅದರಲ್ಲಿ?" ಎಂದ ಅಜ್ಜಿ, ದನಿ ತಗ್ಗಿಸಿ, "ನೀನು ಇನ್ನೂ ಇಲ್ಲೇ ಕೆಲಸ ಮಾಡ್ಬೇಕು ಮಗಾ. ಕಷ್ಟಪಟ್ಟು ಸಿಕ್ಕಿದ ಕೆಲಸ," ಎಂದಳು.

ಮೊಮ್ಮಗಳು ಅಜ್ಜಿಯನ್ನು ನೆರಳಿದ್ದ ಬೆಂಚಿನ ಮೇಲೆ ಕೂರಿಸಿ, ಮಾತ್ರೆಯ ಚೀಲವನ್ನು ಮಡಿಲಲ್ಲಿಟ್ಟಳು. "ಇಲ್ಲೇ ಇರು, ಬಂದೆ," ಎಂದು ವಾಪಸು ಹೋದಳು. ಮೇಡಂ ಮುಂದಿನವರನ್ನು ಕರೆಯಲು ಬಾಗಿಲಿಗೆ ಬಂದಿದ್ದರು.

"ಏನಮ್ಮ, ಏನಾದ್ರೂ ಮರೆತ್ರಾ?"

"ಮಂಡಿ ನೋವಲ್ಲ ಮೇಡಂ," ಎಂದಳು ಅವಳು. "ನನ್ನ ಬಾಯಿ."